ಹುಳುಮನೆಗೆ ಬಂದ ಮಾವಿನ ವಾಸನೆ

ರೇಷ್ಮೆ ಹುಳು ಸಾಕುವವರ ಮನೆಯಲ್ಲಿ ನೆಂಟರಿಗಿಂತ ಹುಳುವಿಗೆ ಮರ್ಯಾದೆ ಹೆಚ್ಚು. ನೆಂಟರು ಬಂದರೆ ಚಾಪೆ ಹಾಸುತ್ತಾರೆ, ನೀರು ಕೊಡುತ್ತಾರೆ, ಹುಳುಮನೆಯ ಬಾಗಿಲು ಮಾತ್ರ ತೆರೆಯುವುದಿಲ್ಲ. ಊದುಬತ್ತಿ ಹಚ್ಚಿದ ಕೈ, ಪೌಡರ್ ಬಳಿದ ಮೈ, ಸೊಳ್ಳೆ ಬತ್ತಿಯ ಹೊಗೆ ಯಾವುದೂ ಹುಳುವಿಗೆ ಆಗದು. ಹೊಗೆಸೊಪ್ಪಂತೂ ಯಮ. ಅದನ್ನು ಮುಟ್ಟಿದ ಕೈಯಲ್ಲಿ ಮೇವು ಹಾಕಿದರೆ ಮುಗಿಯಿತು, ಬೆಳಗ್ಗೆ ಗರಗರ ತಿಂದ ಹುಳು ಸಂಜೆಗೆ ಬಿದ್ದುಕೊಳ್ಳುತ್ತದೆ.

ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ, ಕಾಲುವೆ ಬದಿಯ ಒಂದು ಊರಿನಲ್ಲಿ ಚಲುವಮ್ಮನ ಹುಳುಮನೆ ಇದೆ. ಅದಕ್ಕೆ ಅವಳದೇ ಒಂದು ಕಾನೂನು ಇತ್ತು. ಒಳಗೆ ಹೋಗುವವರು ಯಾರೇ ಆಗಲಿ, ಮೊದಲು ಎರಡೂ ಅಂಗೈಯನ್ನು ಚಲುವಮ್ಮನ ಮೂಗಿನ ಮುಂದೆ ಹಿಡಿಯಬೇಕು. ಅವಳು ಮೂಸಿ ನೋಡಿ ತಲೆ ಆಡಿಸಿದರೆ ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆದು ಒಳಗೆ ಹೋಗಬಹುದು. ಬೀಡಿಯ ಘಾಟು, ಎಲೆಯಡಿಕೆ ಜೊತೆ ಅಗಿದ ಸೊಪ್ಪಿನ ಕಮಟು, ಎರಡನ್ನೂ ಆ ಮೂಗು ಮಾರುದೂರದಿಂದಲೇ ಹಿಡಿಯುತ್ತಿತ್ತು. ರೇಷ್ಮೆ ಇಲಾಖೆಯ ರಾಜೇಂದ್ರ ಸಾಹೇಬರು ಕೂಡ ಅಂಗೈ ಚಾಚಿ ನಗುತ್ತಾ ನಿಲ್ಲುತ್ತಿದ್ದರು. ಪಕ್ಕದ ಮನೆಯ ಮುತ್ತಮ್ಮ ಹೊಗೆಸೊಪ್ಪು ಅಗಿಯುವವಳಾದ್ದರಿಂದ ಅವಳಿಗೆ ಯಾವತ್ತೂ ಹೊಸಿಲಿನ ಆಚೆಯೇ ಜಾಗ. ಗಂಡ ಕರಿಯಯ್ಯನ ಬೀಡಿಯನ್ನು ಬಿಡಿಸಿದ್ದೂ ಇದೇ ಕಾನೂನಿನಿಂದ. ಹುಳು ಬೇಕೋ ಬೀಡಿ ಬೇಕೋ ಎಂದು ತಾನು ಕೇಳಿದ್ದಕ್ಕೆ ಅವನು ಒಂದೇ ಮಾತಿಗೆ ಬಿಟ್ಟುಬಿಟ್ಟ ಎಂದು ಚಲುವಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಈ ಸಲ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಪೊರೆ ಬಿಡುವುದಕ್ಕೆ ಹುಳು ಮೇವು ಬಿಟ್ಟು ಮಲಗುವುದನ್ನು ಜ್ವರ ಅನ್ನುತ್ತಾರೆ. ನಾಲ್ಕನೆಯದೂ ಕಳೆದರೆ ಹುಳುವಿಗೆ ಮೈಯೆಲ್ಲ ಹೊಟ್ಟೆ. ಹಿಪ್ಪುನೇರಳೆಯ ಕಡ್ಡಿಸೊಪ್ಪು ಎಷ್ಟು ಹಾಕಿದರೂ ಕಡ್ಡಿ ಮಾತ್ರ ಉಳಿಯುತ್ತದೆ. ಅಂಥ ಹೊತ್ತಿಗೇ ಕರಿಯಯ್ಯ ಕಾಲುವೆ ಏರಿಯ ಮೇಲೆ ಜಾರಿಬಿದ್ದು ಕಾಲು ಮುರಿದುಕೊಂಡು ಮಂಚ ಹಿಡಿದ. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಮಗ ನಟರಾಜ್ ರಜೆ ಹಾಕಿ ಬಂದ.

ಇಪ್ಪತ್ತೆರಡರ ಹುಡುಗ. ಐಟಿಐ ಓದಿದವನು, ಮೈಗಳ್ಳ ಅಲ್ಲ. ಸೊಪ್ಪು ಕೊಯ್ದು, ಹೊರೆ ಹೊತ್ತು, ಹುಳು ಹರಡಿದ ಬಾಗಿಲ ಕಡೆಯ ಅಟ್ಟಣೆಗಳಿಗೆಲ್ಲ ಅವನೇ ಮೇವು ಹಾಕುತ್ತಿದ್ದ. ಅತ್ತ ಗೋಡೆಯ ಕಡೆಯದು ಚಲುವಮ್ಮನದು. ಒಂದೇ ಒಂದು ವಿಷಯ ಅವಳಿಗೆ ಹಿಡಿಸಲಿಲ್ಲ. ಮಗ ಒಂದು ಸಾಲು ಮುಗಿಸುವುದರೊಳಗೆ ಸೊಪ್ಪಿನ ಕೋಣೆಗೆ ಹೋಗಿಬರುತ್ತಿದ್ದ. ಸೊಪ್ಪು ಬಿಸಿಯಾಗುತ್ತೆ, ತಿರುವಿ ಹಾಕಿ ಬರ್ತೀನಿ ಅನ್ನುತ್ತಿದ್ದ. ಬಂದಾಗ ಅವನ ಸುತ್ತ ಹಣ್ಣಿನ ವಾಸನೆ.

"ಏನ್ಲಾ ಇದು ಮಾವಿನಣ್ಣು ವಾಸ್ನೆ? ಇದೇನು ಮಾವಿನ ಕಾಲ್ವಾ?" ಎಂದು ಅವಳು ಕೇಳಿದಳು.

"ಬಾಡಿ ಸ್ಪ್ರೇ ಕಣವ್ವ. ಬಟ್ಟೆಗೆ ಒಡ್ಕಂಡಿದ್ದೆ."

ಹುಳುಮನೆಗೆ ಸೆಂಟು ಬಳಿದುಕೊಂಡು ಬರುವುದುಂಟೇ ಎಂದು ಅವಳು ಬೈದು, ಸ್ನಾನ ಮಾಡಿಸಿ, ಅಂಗಿ ಬದಲಾಯಿಸಿ ಒಳಗೆ ಬಿಟ್ಟಳು. ಅಂಗೈ ಮೂಸಿದಳು. ಬೀಡಿಯಿಲ್ಲ, ಹೊಗೆಸೊಪ್ಪಿಲ್ಲ. ಸೋಪಿನ ವಾಸನೆ ಬಂತು, ಅಷ್ಟೇ. ಅವಳ ಮೂಗು ಹುಡುಕಲು ಕಲಿತದ್ದು ಎರಡೇ ವಾಸನೆಯನ್ನು. ಮೂರನೆಯದೊಂದು ಇರಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನದ ಮೇವಿಗೆ ಒಳಗೆ ಹೋದ ಚಲುವಮ್ಮ ಬಾಗಿಲಲ್ಲೇ ನಿಂತಳು. ಬಾಗಿಲ ಕಡೆಯ ಅಟ್ಟಣೆಯ ಮೇಲೆ ಸೊಪ್ಪು ಹಾಗೇ ಬಿದ್ದಿತ್ತು. ಹುಳು ತಲೆ ಎತ್ತಿಕೊಂಡು, ಎದೆ ಊದಿಸಿಕೊಂಡು ಅಲ್ಲಾಡದೆ ಕುಳಿತಿದ್ದವು. ಕೆಲವು ಬಾಯಿಂದ ಕಂದು ನೀರು ಕಕ್ಕುತ್ತಿದ್ದವು. ಕೆಲವು ಕುಗ್ಗಿ, ತಿರುಚಿಕೊಂಡು, ಕೆಳಗಿನ ಕಾಗದದ ಮೇಲೆ ಉದುರಿದ್ದವು. ಗೋಡೆ ಕಡೆಯ ಅಟ್ಟಣೆಯಲ್ಲಿ ಮಾತ್ರ ಹುಳು ಏನೂ ಆಗದ ಹಾಗೆ ಮೇಯುತ್ತಿದ್ದವು.

ಅವಳಿಗೆ ನೋಡಿದೊಡನೆ ಗೊತ್ತಾಯಿತು. ಇದು ಸಪ್ಪೆ ರೋಗವಲ್ಲ, ಸುಣ್ಣಕಟ್ಟು ರೋಗವಲ್ಲ. ಹೊಗೆಸೊಪ್ಪು. ಅಲ್ಲಿಂದ ಅವಳ ಕಣ್ಣು ಹೋದದ್ದು ಪಕ್ಕದ ಮನೆಗೆ. ಹಿಂದಿನ ಸಂಜೆ ಮುತ್ತಮ್ಮ ಬಾಗಿಲಲ್ಲಿ ನಿಂತು ಮಾತಾಡಿ ಹೋಗಿದ್ದಳಲ್ಲ. ಚಲುವಮ್ಮ ಬೀದಿಯಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಅಂದಳು. ಹೊಟ್ಟೆಯುರಿಗೆ ಮದ್ದಿಲ್ಲ ಅಂದಳು, ಹುಳುವಿನ ಶಾಪ ತಟ್ಟುತ್ತೆ ಅಂದಳು. ಮುತ್ತಮ್ಮ ಬಾಯಲ್ಲಿದ್ದುದನ್ನು ಪಕ್ಕಕ್ಕೆ ಉಗಿದು, ಸೆರಗಿನಲ್ಲಿ ತುಟಿ ಒರೆಸಿಕೊಂಡಳು.

"ನಿನ್ನ ವಸ್ಲು ದಾಟಿದ್ದೀನೇನಮ್ಮಿ ನಾನು? ಯಾವತ್ತಾದ್ರೂ? ನಾಯಿ ನಿಂತಂಗೆ ಆಚೆ ನಿಲ್ಸಿದ್ದೀಯ, ನಿಂತಿವ್ನಿ. ಒಳಗೆ ಓಗಿ ಬರೋರು ಯಾರು ಅಂತ ಮೊದ್ಲು ಎಣಿಸ್ಕೊ" ಎಂದವಳೇ ಬಾಗಿಲು ಹಾಕಿಕೊಂಡಳು.

ಸುದ್ದಿ ಕೊಟ್ಟ ಮೇಲೆ ರಾಜೇಂದ್ರ ಸಾಹೇಬರು ಬಂದರು. ಹುಳು ಎತ್ತಿ ನೋಡಿ, ಕಿಟಕಿಗಳನ್ನೆಲ್ಲ ತೆಗೆಸಿ ಗಾಳಿ ಆಡಲು ಬಿಟ್ಟರು. ಹಳೆಯ ಸೊಪ್ಪನ್ನೆಲ್ಲ ದೂರ ಹೂಳಿಸಿದರು. ಇದು ಹೊಗೆಸೊಪ್ಪಿನ ವಿಷವೇ, ಸ್ವಲ್ಪ ತಿಂದ ಹುಳು ಗಾಳಿಗೆ ಚೇತರಿಸಿಕೊಳ್ಳಬಹುದು, ಜಾಸ್ತಿ ತಿಂದದ್ದು ಉಳಿಯುವುದಿಲ್ಲ ಎಂದರು. ಆಮೇಲೆ, ಈ ಸಾಲಿಗೆ ಮೇವು ಹಾಕುವವರು ಯಾರು ಎಂದು ಕೇಳಿದರು.

ನಟರಾಜ್ ಮುಂದೆ ಬಂದ. ಸಾಹೇಬರು ಬೀಡಿ, ಸಿಗರೇಟು, ಗುಟ್ಕಾ ಎಂದು ಒಂದೊಂದೇ ಹೆಸರು ಹೇಳಿ ಕೇಳಿದರು. ಅವನು ಒಂದೊಂದಕ್ಕೂ ಇಲ್ಲ ಅಂದ. ಗೋಡೆಯ ಮೇಲಿನ ಬಾಬಾಸಾಹೇಬರ ಪಟದ ಕಡೆ ಕೈ ತೋರಿಸಿ, ಆಣೆಗೂ ಅವನ್ನು ಮುಟ್ಟಿದವನಲ್ಲ ಅಂದ. ಅದು ಸುಳ್ಳಲ್ಲ. ಆದರೂ ಅವನ ಹಣೆಯ ಮೇಲೆ ಬೆವರು ಕಟ್ಟಿತ್ತು.

ಚಲುವಮ್ಮ ಮಗನ ಮುಂದೆ ಅಡ್ಡ ನಿಂತಳು. "ನನ್ ಮಗ ಅಂತೋನಲ್ಲ ಸಾ. ದಿನಾ ನಾನೇ ಅವನ ಕೈ ಮೂಸ್ತೀನಿ."

ಸಾಹೇಬರು ಹೋದ ಮೇಲೆ ಅವಳು ಮಗನ ಅಂಗಿಗಳನ್ನು ಒಗೆಯಲು ತೊಟ್ಟಿಗೆ ಹಾಕಿದಳು. ಒಂದರ ಜೇಬಿನ ಮೂಲೆ ಅಂಟು ಅಂಟಾಗಿತ್ತು. ಬೆರಳಿಗೆ ಎಣ್ಣೆಯ ಹಾಗೆ ಹತ್ತಿಕೊಂಡಿತು. ಮೂಗಿಗೆ ಹಿಡಿದರೆ ಮಾವಿನಹಣ್ಣು. ಸೆಂಟಾದರೆ ಆರಿಹೋಗುತ್ತದೆ, ಹೀಗೆ ಜಿನುಗುವುದಿಲ್ಲ. ಅವಳು ಅಂಗಿಯನ್ನು ಹಿಂಡದೆಯೇ ಒಳಗೆ ತಂದು ಮಗನ ಮುಂದೆ ಹಾಕಿದಳು. ಮಂಚದ ಮೇಲಿಂದ ಕರಿಯಯ್ಯ ಇಬ್ಬರನ್ನೂ ನೋಡುತ್ತಿದ್ದ.

ನಟರಾಜ್ ಪ್ಯಾಂಟಿನ ಜೇಬಿನಿಂದ ಒಂದು ಹಸಿರು ವಸ್ತುವನ್ನು ತೆಗೆದು ಚಾಪೆಯ ಮೇಲಿಟ್ಟ. ನೋಡಲು ಮಕ್ಕಳು ಪುಸ್ತಕಕ್ಕೆ ಬಣ್ಣ ಎಳೆಯುವ ಪೆನ್ನಿನ ಹಾಗಿತ್ತು. ವೇಪ್ ಅಂತಾರೆ, ಬರೀ ಆವಿ, ಇದರಲ್ಲಿ ಹೊಗೆಯೂ ಇಲ್ಲ ಸೊಪ್ಪೂ ಇಲ್ಲ ಎಂದು ವಿವರಿಸಿದ. ಕಾರ್ಖಾನೆಯಲ್ಲಿ ಜೊತೆಗೆ ಕೆಲಸ ಮಾಡುವ ಕವಲಂದೆಯ ದೀಪಕ್ ರುಚಿ ನೋಡು ಎಂದು ಕೊಟ್ಟದ್ದು. ಸಿಗರೇಟಾದರೆ ಸೂಪರ್‌ವೈಸರಿಗೆ ವಾಸನೆ ಹೊಡೆಯುತ್ತದೆ, ಇದು ಯಾರಿಗೂ ತಿಳಿಯುವುದಿಲ್ಲ. ಮೊದಮೊದಲು ಶಿಫ್ಟು ಮುಗಿದ ಮೇಲೆ ಎಳೆಯುತ್ತಿದ್ದ. ಈಗ ಕಣ್ಣು ಬಿಟ್ಟೊಡನೆ ಕೈ ದಿಂಬಿನ ಕೆಳಗೆ ಹೋಗುತ್ತದೆ. ಸೊಪ್ಪಿನ ಕೋಣೆಯಲ್ಲಿ ನಿಂತು ಎಳೆದು, ಅದರಿಂದ ಸೋರಿದ ಎಣ್ಣೆಯಂಥ ನೀರನ್ನು ಅಂಗಿಗೆ ಒರೆಸಿಕೊಂಡು, ಅದೇ ಕೈಯಲ್ಲಿ ಕಡ್ಡಿಸೊಪ್ಪು ಎತ್ತಿದ್ದ.

"ಒಗೆಸೊಪ್ಪಿಲ್ಲ ಅಂದ್ಮೇಲೆ ಉಳಕ್ಕೆ ಏನಾಯ್ತದೆ ಅಂದ್ಕಂಡೆ ಅವ್ವ" ಎಂದ.

ಚಲುವಮ್ಮನಿಗೂ ಅದನ್ನೇ ನಂಬಬೇಕು ಅನ್ನಿಸಿತು. ಹಣ್ಣಿನ ವಾಸನೆಯ ನೀರು ಯಾರಿಗೇನು ಮಾಡೀತು. ತಪ್ಪು ಮುತ್ತಮ್ಮನದೇ ಇರಬೇಕು. ಅದನ್ನು ಯಾರ ಬಾಯಿಂದಲಾದರೂ ಕೇಳಿಸಿಕೊಳ್ಳಬೇಕೆಂದು ಅವಳು ಆ ವಸ್ತುವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಕೋಮಲಳ ಹತ್ತಿರ ಹೋದಳು. ಕೋಮಲ ಅವಳ ಅಕ್ಕನ ಮಗಳು. ನರ್ಸಿಂಗ್ ಓದಿ ಅದೇ ಊರಿನ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ಅಧಿಕಾರಿಯಾಗಿದ್ದಳು.

ಕೋಮಲ ಚೀಲ ಬಿಚ್ಚಿ ನೋಡಿದವಳು ಕೈಗವಸು ಹಾಕಿಕೊಂಡಳು. ಅದನ್ನು ನೋಡಿದಾಗಲೇ ಚಲುವಮ್ಮನ ಆಸೆ ಅರ್ಧ ಸತ್ತಿತು.

"ಚಿಕ್ಕವ್ವ, ಹೊಗೆಸೊಪ್ಪಲ್ಲಿ ಮನುಷ್ಯನ್ನ ಹಿಡ್ಕೊಳ್ಳೋ ವಿಷ ಒಂದಿದೆ, ನಿಕೋಟಿನ್ ಅಂತ. ಬೀಡೀಲಿ ಸೊಪ್ಪು ಸುಟ್ಟಾಗ ಅದು ಬರುತ್ತೆ. ಇದರಲ್ಲಿ ಸೊಪ್ಪು ಬಿಟ್ಟು ಆ ವಿಷಾನೇ ನೀರಲ್ಲಿ ಬೆರೆಸಿ, ಹಣ್ಣಿನ ವಾಸನೆ ಕೂಡಿಸಿ, ಬ್ಯಾಟರೀಲಿ ಕಾಯಿಸ್ತಾರೆ. ನಿನ್ನ ಹುಳಕ್ಕೆ ವಾಸನೆ ನೋಡಿ ಮೋಸ ಹೋಗೋಕೆ ಬರಲ್ಲ ನೋಡು."

ಇನ್ನೂ ಬಹಳ ಹೇಳಿದಳು. ಬೀಡಿ ಮುಗಿದರೆ ಎಸೆಯುತ್ತಾರೆ, ಇದು ಮುಗಿದದ್ದೇ ಕಾಣುವುದಿಲ್ಲ, ಹಾಗಾಗಿ ದಿನವಿಡೀ ಬಾಯಲ್ಲೇ ಇರುತ್ತದೆ. ಎದೆಬಡಿತ ಏರುತ್ತದೆ, ರಕ್ತದ ಒತ್ತಡ ಏರುತ್ತದೆ, ಆ ಆವಿಯಲ್ಲಿ ಶ್ವಾಸಕೋಶಕ್ಕೆ ಕೆಡುಕು ಮಾಡುವ ಬೇರೆ ಪದಾರ್ಥಗಳೂ ಇರುತ್ತವೆ. ಇಪ್ಪತ್ತೈದರವರೆಗೂ ಮಿದುಳು ಇನ್ನೂ ಬಲಿಯುತ್ತಿರುತ್ತದೆ. ಅಂಥ ವಯಸ್ಸಿನವರನ್ನು ಈ ವಿಷ ಬಹಳ ಬೇಗ ಹಿಡಿಯುತ್ತದೆ. ಪೊಟ್ಟಣದ ಮೇಲೆ ನಿಕೋಟಿನ್ ಇಲ್ಲ ಎಂದು ಬರೆದಿದ್ದರೂ ಒಳಗೆ ಇರಬಹುದು, ಕದ್ದು ಮಾರುವ ಮಾಲಿಗೆ ಹೊಣೆ ಯಾರು. ನಮ್ಮ ದೇಶದಲ್ಲಿ ಇದನ್ನು ಮಾಡುವುದು, ತರಿಸುವುದು, ಮಾರುವುದು, ಕೂಡಿಡುವುದು ಎಲ್ಲಕ್ಕೂ ಕಾನೂನಿನ ನಿಷೇಧ ಇದೆ.

ಚಲುವಮ್ಮ ಎದ್ದು ನಿಂತು, ಹಾಗಾದರೆ ಎಸೆದರೆ ಮುಗಿಯಿತಲ್ಲ ಅಂದಳು. ಇವರಪ್ಪ ಬೀಡಿಯನ್ನು ಒಂದೇ ಮಾತಿಗೆ ಬಿಡಲಿಲ್ಲವೇ.

"ಎಸೆದ್ರೆ ಮುಗಿಯಲ್ಲ ಚಿಕ್ಕವ್ವ. ಅದು ಜೇಬಲ್ಲಿಲ್ಲ, ಅವನ ಮೈಯಲ್ಲಿದೆ. ಅವನನ್ನ ಇಲ್ಲಿಗೆ ಕಳಿಸು" ಎಂದಳು ಕೋಮಲ.

ಆ ಮಾತು ಚಲುವಮ್ಮನ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ದಾರಿಯಲ್ಲಿ ಬರುತ್ತಾ ಮಗನನ್ನು ಕಾಲುವೆ ಏರಿಗೆ ಕರೆಸಿ, ಅವನ ಕಣ್ಣ ಮುಂದೆಯೇ ಆ ಹಸಿರು ಪೆನ್ನನ್ನು ನೀರಿಗೆ ಎಸೆದಳು. ಮಗ ತಲೆ ತಗ್ಗಿಸಿ ನಿಂತಿದ್ದ. ಇನ್ನು ಮುಟ್ಟುವುದಿಲ್ಲ ಅಂದ. ಮನಸ್ಸಿಟ್ಟೇ ಅಂದ. ಅವಳು ಅವನನ್ನು ಉಜ್ಜಿ ಉಜ್ಜಿ ಸ್ನಾನ ಮಾಡಿಸಿ, ಹೊಸ ಅಂಗಿ ಕೊಟ್ಟು, ಉಳಿದ ಹುಳುವಿಗೆ ಮೇವು ಹಾಕಲು ಬಿಟ್ಟಳು.

ಆ ದಿನ ಹೇಗೋ ಕಳೆಯಿತು. ಮಾರನೆಯ ದಿನ ಬೆಳಗ್ಗೆಯಿಂದಲೇ ಮನೆಯಲ್ಲಿ ಇನ್ಯಾರೋ ಹುಡುಗ ಇದ್ದ ಹಾಗಾಯಿತು. ನಟರಾಜ್ ಕುಡುಗೋಲು ಹಿಡಿದು ತೋಟಕ್ಕೆ ಹೋದವನು ಬರಿಗೈಲಿ ಬಂದ. ಸೊಪ್ಪನ್ನು ಒಂದು ಕಡೆ ಗುಡ್ಡೆ, ಒಂದು ಕಡೆ ಬಯಲು ಮಾಡಿ ಹಾಕಿದ. ಕೈ ಸಣ್ಣಗೆ ನಡುಗುತ್ತಿತ್ತು. ತಟ್ಟೆಯ ಮುದ್ದೆ ಹಾಗೇ ಉಳಿಯಿತು. ಕರಿಯಯ್ಯ ನೀರು ಕೇಳಿದರೆ, ಎದ್ದು ಕುಡಿಯಕ್ಕಾಗಲ್ವಾ ಎಂದು ಗದರಿದ. ಮುರಿದ ಕಾಲಿನ ಅಪ್ಪನಿಗೆ ಅಂಥ ಮಾತು ಅವನ ಬಾಯಿಂದ ಯಾವತ್ತೂ ಬಂದಿರಲಿಲ್ಲ. ಆಡಿದ ಮೇಲೆ ಅವನೇ ಗಾಬರಿಯಾಗಿ ಲೋಟ ತುಂಬಿ ತಂದುಕೊಟ್ಟ. ಚಲುವಮ್ಮ ಇದನ್ನೆಲ್ಲ ಕೊಬ್ಬು ಅಂದಳು. ಛಲ ಇದ್ದವನಿಗೆ ಇಷ್ಟು ಆಗಲ್ಲವೇ ಎಂದು ಮೂದಲಿಸಿದಳು.

ಮಧ್ಯಾಹ್ನದ ಮೇವಿನ ಹೊತ್ತಿಗೆ ಅವನು ಕಾಣಲಿಲ್ಲ. ತೋಟದಲ್ಲಿಲ್ಲ, ಸೊಪ್ಪಿನ ಕೋಣೆಯಲ್ಲಿಲ್ಲ. ಹುಳು ಬರೀ ಕಡ್ಡಿಯ ಮೇಲೆ ತಲೆ ಆಡಿಸುತ್ತಿದ್ದವು. ಅವಳು ಕೂಗುತ್ತಾ ಕಾಲುವೆ ಕಡೆಗೆ ಬಂದಳು.

ನಟರಾಜ್ ಸೊಂಟದವರೆಗೆ ನೀರಿನಲ್ಲಿದ್ದ. ಬಗ್ಗಿ, ಎರಡೂ ಕೈಯಿಂದ ತಳದ ಕೆಸರನ್ನು ತಡಕುತ್ತಿದ್ದ. ಬೊಗಸೆ ಎತ್ತಿ, ಕೆಸರನ್ನು ಬೆರಳಲ್ಲಿ ಬಿಡಿಸಿ, ಕೆಳಗೆ ಬಿಟ್ಟು, ಮತ್ತೆ ಬಗ್ಗುತ್ತಿದ್ದ. ಬಟ್ಟೆ ಒಗೆಯಲು ಬಂದ ಹೆಂಗಸರು ಏನು ಕಳೆದುಕೊಂಡೆಯಪ್ಪ ಎಂದು ಕೇಳುತ್ತಿದ್ದರು. ಅವನಿಗೆ ಕೇಳಿಸುತ್ತಿರಲಿಲ್ಲ. ಎಸೆದ ಜಾಗದಿಂದ ನೀರು ಅದನ್ನು ಎಲ್ಲಿಗೋ ಒಯ್ದಿರುತ್ತದೆ, ಸಿಕ್ಕರೂ ನೀರು ಕುಡಿದ ಅದು ಕೆಲಸಕ್ಕೆ ಬರುವುದಿಲ್ಲ. ಇದು ಐಟಿಐ ಓದಿದ ಅವನಿಗೆ ತಿಳಿಯದ ವಿಷಯವಲ್ಲ.

ಚಲುವಮ್ಮ ಬೈಯಲೆಂದೇ ಬಂದವಳು. ಮಗ ತಲೆ ಎತ್ತಿ ಅವಳನ್ನು ನೋಡಿದ. ಆ ಮುಖದಲ್ಲಿ ಕೊಬ್ಬಿರಲಿಲ್ಲ. ಕೆಸರಿನ ಕೈಗಳನ್ನು ಹಾಗೇ ಹಿಡಿದುಕೊಂಡು ಅವನು ಅಂದ:

"ಸಿಕ್ಕಿದ್ರೂ ಕೆಲ್ಸ ಮಾಡಲ್ಲ ಅಂತ ಗೊತ್ತು ಅವ್ವ. ಉಳ ಸಾಯ್ತವೆ ಅಂತ್ಲೂ ಗೊತ್ತು. ಆದ್ರೂ ನಿಲ್ಲಕ್ಕಾಯ್ತಾ ಇಲ್ಲ."

ಅವಳು ಏರಿಯ ಮೇಲೆ ಕುಳಿತಳು. ಹುಳು ಹೋದರೆ ಇನ್ನೊಂದು ಬೆಳೆ ತೆಗೆಯಬಹುದು. ಇವನು ಹೀಗೆಯೇ ಆದರೆ ಏನು ಮಾಡುವುದು.

ಹಿಂದಿನಿಂದ ಯಾರೋ ಬಂದು ಪಕ್ಕದಲ್ಲಿ ಕುಳಿತರು. ಹೊಗೆಸೊಪ್ಪಿನ ಕಮಟಿನಿಂದಲೇ ಮುತ್ತಮ್ಮ ಎಂದು ಗೊತ್ತಾಯಿತು. ಚಲುವಮ್ಮ ಅವಳ ಮುಖ ನೋಡಲಾರದೆ, ತನ್ನ ಬಾಯಿ ಬಿದ್ದುಹೋಗಲಿ, ತಪ್ಪಾಯಿತು ಎಂದಳು. ಮುತ್ತಮ್ಮ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಅವಳ ಕಣ್ಣು ನೀರಿನಲ್ಲಿದ್ದ ಹುಡುಗನ ಮೇಲಿತ್ತು.

"ಅವನ್ನ ಬೈಬೇಡ ಕಣಮ್ಮಿ. ನಾನು ಉಗುದ್ಬುಟ್ಟಿದ್ದ ಸೊಪ್ಪನ್ನ ತಿಪ್ಪೇಲಿ ಉಡ್ಕಿದ್ದೀನಿ. ಯಾರ್ಗೇಳಾದು ಇದ್ನ."

"ಅವ್ರಪ್ಪ ಒಂದೇ ಮಾತ್ಗೆ ಬುಟ್ಟಿದ್ದ" ಎಂದಳು ಚಲುವಮ್ಮ, ಇನ್ನೂ ಹಟ ಬಿಡದೆ.

ಮುತ್ತಮ್ಮ ನಕ್ಕಳು. "ನಿನ್ ತಾವ ಒಂದೇ ಮಾತ್ಗೆ ಬುಟ್ಟ. ನಮ್ಮ ಇತ್ಲಲ್ಲಿ ಕೂತ್ಕಂಡು ಎಷ್ಟ್ ಕಾಲ ಸೇದ್ದ ಅಂತ ನಮ್ಮ ಯಜಮಾನ್ನ ಕೇಳು. ಬೂದಿ ನಾನೇ ಗುಡಿಸಿವ್ನಿ."

ಚಲುವಮ್ಮನಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅವಳು ಸೀರೆ ಎತ್ತಿ ಕಟ್ಟಿ ನೀರಿನ ಅಂಚಿಗಿಳಿದು ಮಗನ ಕಡೆ ಕೈ ಚಾಚಿದಳು. ಬಾ, ಕೋಮಲಕ್ಕನ ಹತ್ತಿರ ಹೋಗೋಣ, ನಾನು ಬೈಯಲ್ಲ ಎಂದಳು.

ಒದ್ದೆ ಪ್ಯಾಂಟಿನಲ್ಲೇ ಅವನನ್ನು ಕೂರಿಸಿಕೊಂಡು ಕೋಮಲ ಮಾತಾಡಿದಳು. ಮೊದಲಿಗೆ ಚಿಕ್ಕವ್ವನಿಗೇ ಒಂದು ಮಾತು ಹೇಳಿದಳು. ಅದನ್ನು ನೀರಿಗೆ ಎಸೆಯಬಾರದಿತ್ತು, ಆ ನೀರನ್ನು ಕರುಗಳು ಕುಡಿಯುತ್ತವೆ, ಮಕ್ಕಳು ಆಡುತ್ತಾರೆ. ಆಮೇಲೆ ತಮ್ಮನ ಕಡೆ ತಿರುಗಿದಳು. ಬಿಟ್ಟ ಮೊದಲ ಕೆಲವು ದಿನ ಸಿಡುಕು, ನಡುಕ, ನಿದ್ದೆಗೇಡು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಎಲ್ಲ ಬರುತ್ತದೆ, ಅದು ನಿನ್ನ ಗುಣವಲ್ಲ, ಮೈಯಿಂದ ಆ ವಿಷ ಇಳಿಯುವ ರೀತಿ ಎಂದಳು. ವಾರಗಳು ಕಳೆದ ಹಾಗೆ ಕಡಿಮೆಯಾಗುತ್ತದೆ. ಬೇಕೇ ಬೇಕು ಅನ್ನಿಸುವ ಅಲೆ ಬಂದಾಗ ಅದು ಕೆಲವೇ ನಿಮಿಷ ಇರುತ್ತದೆ. ಆ ಹೊತ್ತನ್ನು ಮುಂದಕ್ಕೆ ತಳ್ಳಬೇಕು. ಗುಟುಕು ಗುಟುಕಾಗಿ ನೀರು ಕುಡಿ, ಉದ್ದಕ್ಕೆ ಉಸಿರು ತೆಗೆ, ಎದ್ದು ಕೈಗೆ ಏನಾದರೂ ಕೆಲಸ ಕೊಡು ಎಂದಳು.

ಅಲ್ಲಿಂದಲೇ ತಂಬಾಕು ಬಿಡಿಸುವ ಸರ್ಕಾರದ ಉಚಿತ ಸಹಾಯವಾಣಿಗೆ ಫೋನ್ ಮಾಡಿಸಿದಳು. ಆ ಕಡೆಯವರು ಕನ್ನಡದಲ್ಲಿ ಮಾತಾಡಿದರು, ಬೈಯಲಿಲ್ಲ, ಹೆಸರು ಬಹಿರಂಗ ಮಾಡುವುದಿಲ್ಲ ಅಂದರು. ಮಾರನೆಯ ದಿನ ನರಸೀಪುರದ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಪರೀಕ್ಷೆ ಮಾಡಿ, ನಿಕೋಟಿನ್ ಗಮ್ ಬರೆದುಕೊಟ್ಟು ಹೇಗೆ ಅಗಿಯಬೇಕು, ಹೇಗೆ ಕಡಿಮೆ ಮಾಡಬೇಕು ಎಂದು ತಿಳಿಸಿದರು. ಚಲುವಮ್ಮನಿಗೆ ಅಲ್ಲೂ ಅನುಮಾನವೇ.

"ಇಸಕ್ಕೆ ಇಸಾನೇ ಮದ್ದೇನಮ್ಮಿ?"

"ಅಟ್ಟದಿಂದ ಧುಮುಕಿದ್ರೆ ಕಾಲು ಮುರಿಯುತ್ತೆ ಚಿಕ್ಕವ್ವ, ಏಣಿ ಇಟ್ಟು ಇಳಿಬೇಕು. ಇದು ಏಣಿ. ಕೆಳಗಿಳಿದ ಮೇಲೆ ಏಣೀನೂ ಬಿಡೋದೇ" ಎಂದಳು ಕೋಮಲ. ಆದರೆ ಈ ಗಮ್ಮಿನಲ್ಲೂ ಅದೇ ನಿಕೋಟಿನ್ ಇರುವುದರಿಂದ ಹುಳುಮನೆಯ ಹತ್ತಿರ ತರಬಾರದು ಎಂದೂ ಎಚ್ಚರಿಸಿದಳು.

ಹಾಗಾಗಿ ಮೇವು ಹಾಕಲು ಕೋಮಲಳ ತಾಯಿ ಬಂದಳು. ಅಡುಗೆ ಮತ್ತು ಅಪ್ಪನ ಆರೈಕೆ ನಟರಾಜನ ಪಾಲಿಗೆ ಬಂತು. ಅವನು ತಿರುವಿದ ಮುದ್ದೆಯಲ್ಲಿ ಗಂಟು. ಕಾಲು ಮುರಿದದ್ದು ಸಾಲದು ಅಂತ ಹಲ್ಲೂ ಮುರಿಯಬೇಕಾ ಎಂದು ಕರಿಯಯ್ಯ ಮಂಚದಿಂದ ಕೇಳಿದ. ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ನಗು ಬಂತು. ಕೆಲವು ಸಲ ಹುಡುಗ ಒಲೆ ಮುಂದೆ ಕುಳಿತವನು ಇದ್ದಕ್ಕಿದ್ದಂತೆ ಎದ್ದು, ಒಂದು ಚೊಂಬು ನೀರು ಕುಡಿದು, ಸೌದೆ ಒಡೆಯಲು ಹೋಗುತ್ತಿದ್ದ. ಬೇಕಿಲ್ಲದಷ್ಟು ಸೌದೆ ಒಡೆದ. ಕೊಡಲಿಯ ಸದ್ದು ನಿಲ್ಲುವವರೆಗೂ ಚಲುವಮ್ಮನ ಜೀವ ಕೈಯಲ್ಲಿರುತ್ತಿತ್ತು.

ಬಾಗಿಲ ಕಡೆಯ ಹುಳು ಬಹುಪಾಲು ಹೋದವು. ಗೋಡೆ ಕಡೆಯವೂ, ಗಾಳಿಗೆ ಚೇತರಿಸಿಕೊಂಡ ಕೆಲವೂ ಹಣ್ಣಾಗಿ, ಬಿದಿರಿನ ತಟ್ಟೆಯಾದ ಚಂದ್ರಿಕೆ ಹತ್ತಿ ಗೂಡು ಕಟ್ಟಿದವು. ಅರ್ಧ ಬೆಳೆ ಬಂತು. ಕರಿಯಯ್ಯ ಕೋಲು ಹಿಡಿದು ಓಡಾಡುವ ಹಾಗಾದ. ನಟರಾಜ್ ಮತ್ತೆ ಕಾರ್ಖಾನೆಗೆ, ಈ ಸಲ ಮನೆಯಿಂದಲೇ, ಹೋಗತೊಡಗಿದ. ಅವನು ಬೆಳಗ್ಗೆ ಬಸ್ಸು ಹತ್ತಿದರೆ ಚಲುವಮ್ಮನಿಗೆ ಹೊಸ ಹೆದರಿಕೆ. ಅಲ್ಲಿ ದೀಪಕ್ ಇದ್ದಾನೆ.

ಒಂದು ಭಾನುವಾರ ದೀಪಕ್ ಊರಿಗೇ ಬಂದ. ಬೈಕನ್ನು ಏರಿಯ ಮೇಲೆ ನಿಲ್ಲಿಸಿ ಹಾರ್ನ್ ಮಾಡಿದ. ನಟರಾಜ್ ಎದ್ದು ಹೋದ. ಚಲುವಮ್ಮ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಳು. ತಡೆಯಬೇಕು ಅನ್ನಿಸಿತು, ತಡೆಯಲಿಲ್ಲ. ಕಟ್ಟಿಹಾಕಲು ಅವನೇನು ಕರುವಲ್ಲ. ಇಬ್ಬರ ಬೆನ್ನು ಮಾತ್ರ ಅವಳಿಗೆ ಕಾಣುತ್ತಿತ್ತು. ಅವರೆಕಾಯಿ ಮುಗಿಯಿತು. ಅವಳು ಬರೀ ಸಿಪ್ಪೆಯನ್ನು ಕೈಯಲ್ಲಿ ಮುರಿಯುತ್ತಾ ಕುಳಿತಳು.

ನಟರಾಜ್ ಬಂದು ಕಂಬದ ಹತ್ತಿರ ನಿಂತ. ಅವನು ಮಾತಾಡದಿದ್ದರೆ ಅವಳಿಗೆ ಯಾವತ್ತಿಗೂ ತಿಳಿಯುತ್ತಿರಲಿಲ್ಲ.

"ಅವ್ವ, ಈಗ ಒಂದ್ಸಲ ಎಳ್ದುಬುಟ್ಟೆ."

ಚಲುವಮ್ಮನ ನಾಲಗೆಯ ತುದಿಗೆ ಎಷ್ಟೋ ಮಾತು ಬಂದವು. ಹಿಂದೆ ಆಡಿದ್ದೆಲ್ಲವೂ ಬಂದವು. ಅವಳು ನುಂಗಿಕೊಂಡಳು. ಹಿಂದೆ ತಾನು ಅಂಗಿ ತಂದು ಮುಂದೆ ಹಾಕುವವರೆಗೂ ಇವನು ಬಾಯಿ ಬಿಟ್ಟಿರಲಿಲ್ಲ. ಇವತ್ತು ತಾನಾಗಿ ಬಂದು ನಿಂತಿದ್ದಾನೆ. ಸಹಾಯವಾಣಿಯವರು ಮೊದಲೇ ಹೇಳಿದ್ದರು, ನಡುವೆ ಒಮ್ಮೆ ಜಾರಿದರೆ ಎಲ್ಲ ಹಾಳಾಯಿತು ಅಂದುಕೊಳ್ಳಬೇಡಿ, ಆ ಕ್ಷಣವೇ ಮತ್ತೆ ಫೋನ್ ಮಾಡಿ ಎಂದು.

"ದೀಪಕ್ ಒಂಟೋದ್ನಾ?" ಎಂದು ಕೇಳಿದಳು.

"ಇಲ್ಲ. ಅಲ್ಲೇ ಅವ್ನೆ."

"ಅವನ್ನೂ ಕರ್ಕಂಡು ಬಾ. ಇಬ್ರೂ ಕೂತ್ಕಂಡು ಫೋನ್ ಮಾಡಿ. ನಾನು ಮಜ್ಜಿಗೆ ತತ್ತೀನಿ."

ದೀಪಕ್ ಬಾಗಿಲಲ್ಲಿ ಬಂದು ಚಪ್ಪಲಿ ಬಿಡಲೋ ಬೇಡವೋ ಎಂದು ನಿಂತ. ಬೈಗುಳಕ್ಕೆ ತಯಾರಾಗಿ ಬಂದಿದ್ದನೆಂದು ಮುಖವೇ ಹೇಳುತ್ತಿತ್ತು. ತಾನು ವೇಪ್ ಬಿಡಲು ಬಂದಿಲ್ಲ, ಇವನನ್ನು ನೋಡಲು ಬಂದೆ ಎಂದು ತೊದಲಿದ.

"ಬುಡು ಅಂತ ನಾನೆಲ್ಲಂದೆ? ಕೂತ್ಕೊ ಮೊಗ. ಬಿಸ್ಲಲ್ಲಿ ಬಂದಿದ್ದೀಯ" ಎಂದಳು ಚಲುವಮ್ಮ.

ಅವಳು ಮಜ್ಜಿಗೆ ಕಡೆದು ಎರಡು ಲೋಟ ತರುವ ಹೊತ್ತಿಗೆ ಫೋನ್ ಸ್ಪೀಕರಿನಲ್ಲಿತ್ತು. ಆ ಕಡೆಯವರು ನಟರಾಜನ ಜೊತೆ ಮಾತು ಮುಗಿಸುತ್ತಿದ್ದರು. ಇನ್ನೇನು ಕರೆ ಕತ್ತರಿಸಬೇಕು ಅನ್ನುವಾಗ ದೀಪಕ್ ಮೆಲ್ಲಗೆ ಕೈ ಚಾಚಿ ಫೋನನ್ನು ತನ್ನ ಕಡೆಗೆ ತಿರುಗಿಸಿಕೊಂಡ.

ಓದುತ್ತಿರುವ ಅಕ್ಕ, ತಂಗಿ, ಅಣ್ಣ, ತಮ್ಮಂದಿರೇ, ನಿಮ್ಮ ಮನೆಯಲ್ಲಿ ಹುಳು ಇರಲಿಕ್ಕಿಲ್ಲ. ಮಕ್ಕಳಿದ್ದಾರೆ. ಹಣ್ಣಿನ ವಾಸನೆ ಬರುತ್ತೆ, ಹೊಗೆ ಇಲ್ಲ, ಪೆನ್ನಿನ ಹಾಗಿದೆ ಎಂದು ಏಮಾರಬೇಡಿ. ವೇಪ್‌ನಲ್ಲಿರುವುದು ಹೊಗೆಸೊಪ್ಪಿನ ಅದೇ ನಿಕೋಟಿನ್. ಸಿಕ್ಕಿದ ದಿನ ಕೂಗಾಡಬೇಡಿ, ಕಸಿದು ಎಸೆದು ಕೈ ತೊಳೆದುಕೊಳ್ಳಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ, ಅದಕ್ಕೆ ಕಾಸು ಬೀಳುವುದಿಲ್ಲ. ಎಳೆಯುತ್ತಿರುವ ಹುಡುಗ ಹುಡುಗಿಯರೇ, ನಿಲ್ಲಿಸಲು ಆಗುತ್ತಿಲ್ಲ ಎಂದು ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ಹೇಳಿ. ಹೇಳಲು ಬಂದವರ ಮಾತನ್ನು ದೊಡ್ಡವರು ಕೂತು ಕೇಳಿ. ಕೇಳುವಾಗ ಒಂದು ಲೋಟ ಮಜ್ಜಿಗೆ ಕೊಡಿ.